ಆ ರಾತ್ರಿ ಹಚ್ಚಿದ ಸೊಳ್ಳೆಬತ್ತಿ

ನಮಸ್ಕಾರ. ಹತ್ತನೇ ಕ್ಲಾಸು, ಪಿಯುಸಿ ಓದುವ ಮಕ್ಕಳಿಗೆ ಅಪ್ಪ ಅಮ್ಮನ ಬಗ್ಗೆ ನಾಲ್ಕು ಮಾತು ಹೇಳಿ ಅಂದರು. ಈಗಲೇ ರೇಡಿಯೋ ಆಫ್ ಮಾಡಬೇಡಿ, ಬುದ್ಧಿ ಹೇಳುವುದಿಲ್ಲ. ಹೇಳುವ ಯೋಗ್ಯತೆ ನನಗಿಲ್ಲ.

ನಮ್ಮದು ರಾಮನಗರದ ಕಡೆ ಹಳ್ಳಿ. ಮನೆಯಲ್ಲಿ ಅರ್ಧ ನಮಗೆ, ಅರ್ಧ ರೇಷ್ಮೆ ಹುಳಕ್ಕೆ. 100 ಮೊಟ್ಟೆ ಮೇಯಿಸುತ್ತಿದ್ದೆವು. ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ ಲೆಕ್ಕ, ಹಾಗಾಗಿ ಹತ್ತಿರ ಹತ್ತಿರ 40,000 ಹುಳ. ಹುಳ ನಾಲ್ಕು ಸಲ ಪೊರೆ ಬಿಡುತ್ತದೆ, ಅದಕ್ಕೆ ನಮ್ಮ ಕಡೆ ಜ್ವರ ಅಂತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅದರ ಹಸಿವು ನೋಡಬೇಕು! ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲು ಆ ಒಂದು ವಾರದಲ್ಲೇ ತಿನ್ನುತ್ತದೆ. ಆ ವಾರ ಅಪ್ಪ ಮಲಗಿದ್ದು ನಾನು ನೋಡಿಲ್ಲ. ಬೆಳಗಿನ ಜಾವ ಸೊಪ್ಪು ಕೊಯ್ಯುವುದು, ರಾತ್ರಿ ಹನ್ನೊಂದಕ್ಕೆ ಮತ್ತೆ ಮೇವು, ನಡುವೆ ಎದ್ದು ಟಾರ್ಚ್ ಹಿಡಿದು ಇರುವೆ ಬಂತಾ, ಇಲಿ ಬಂತಾ ಅಂತ ನೋಡುವುದು.

ನನ್ನ ಎಸ್ಸೆಸ್ಸೆಲ್ಸಿ ಪರೀಕ್ಷೆ, ಸುಡು ಬೇಸಿಗೆ. ಹುಳಕ್ಕೆ ತಂಪಾಗಲಿ ಅಂತ ಕಿಟಕಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿದ್ದರು. ನಾನು ಮಾತ್ರ ಈ ಕಡೆ ಸೊಳ್ಳೆ ಹೊಡೆಯುತ್ತಾ ಓದುತ್ತಿದ್ದೆ. ಇವರಿಗೆ ಮಗನಿಗಿಂತ ಹುಳವೇ ಜಾಸ್ತಿ ಅಂತ ಸಿಟ್ಟು. ಒಂದು ರಾತ್ರಿ ಸೊಳ್ಳೆಬತ್ತಿ ತಂದು ಹಚ್ಚಿಟ್ಟೆ. ಸೊಳ್ಳೆ ಸಾಯಿಸುವ ಹೊಗೆ ಹುಳವನ್ನೂ ಸಾಯಿಸುತ್ತದೆ, ಮನೆಯಲ್ಲಿ ನೂರು ಸಲ ಹೇಳಿದ್ದರು. ಒಂದು ರಾತ್ರಿಗೆ ಏನಾಗುತ್ತೆ ಬಿಡು ಅಂದುಕೊಂಡೆ.

ಬೆಳಿಗ್ಗೆ ಬೇಗ ಪರೀಕ್ಷೆಗೆ ಹೋದೆ. ವಾಪಸ್ ಬಂದಾಗ ಹುಳದ ಕಡೆ ಖಾಲಿ. "ಬಿಸಿಲಿಗೆ ಹೋಯ್ತು" ಅಂದರು ಅಪ್ಪ. ನಂಬಿದೆ. ನಂಬುವುದೇ ಸುಲಭ, ಅಲ್ವಾ?

ಆ ಬೆಳೆಯ ದುಡ್ಡಲ್ಲಿ ನನ್ನ ಕಾಲೇಜು ಫೀಸು ಕಟ್ಟಬೇಕಿತ್ತು. ಕಟ್ಟಲಾಗಲಿಲ್ಲ. ಸ್ನೇಹಿತರೆಲ್ಲ ಸೇರಿದ ಕಾಲೇಜಿಗೆ ನನ್ನನ್ನು ಸೇರಿಸಲಿಲ್ಲ ಅಂತ ಹದಿನೈದು ದಿನ ಅಪ್ಪನ ಜೊತೆ ಮಾತು ಬಿಟ್ಟಿದ್ದೆ. ಅವರು ಒಂದು ಮಾತೂ ಆಡಲಿಲ್ಲ.

ಎಷ್ಟೋ ವರ್ಷದ ಮೇಲೆ, ಅವರೆಕಾಯಿ ಸುಲಿಯುತ್ತಾ ಅಮ್ಮ ಹೇಳಿದಳು. ಆವತ್ತು ಹುಳ ಹಸಿರು ನೀರು ಕಕ್ಕಿಕೊಂಡು ತಲೆ ಆಡಿಸುತ್ತಿದ್ದವಂತೆ. ಅಪ್ಪನಿಗೆ ನನ್ನ ಮೇಜಿನ ಕೆಳಗೆ ಸುರುಳಿ ಸುರುಳಿ ಬೂದಿ ಕಂಡಿತಂತೆ. ತಾವೇ ಗುಡಿಸಿ ಹಾಕಿ, "ಅವನಿಗೆ ಹೇಳಬೇಡ, ಇನ್ನೂ ನಾಲ್ಕು ಪರೀಕ್ಷೆ ಇದೆ" ಅಂದರಂತೆ.

ನಮ್ಮಪ್ಪ ದೇವರೇನಲ್ಲ. ಪಕ್ಕದ ಮನೆ ಹುಡುಗನ ಮಾರ್ಕ್ಸ್ ಹೇಳಿ ಹೇಳಿ ನನ್ನ ತಲೆ ತಿಂದಿದ್ದಾರೆ, ಅದಕ್ಕೆ ಈಗಲೂ ಜಗಳ ಆಡುತ್ತೇನೆ. ನೀವೂ ಆಡಿ. ಆದರೆ ರಜೆಯಲ್ಲಿ ಒಂದು ದಿನ, ಸುಮ್ನೆ, ಅವರ ಕೆಲಸದ ಹತ್ತಿರ ಹೋಗಿ ನಿಂತು ನೋಡಿ. ಬಿಡದಿದ್ದರೆ ಕೇಳಿಯಾದರೂ ನೋಡಿ. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರಾ? ಗಂಟೆಗೆ ಎಷ್ಟು ಪೀಸು ಹೊಲಿಯಬೇಕು ಅಂತ ಕೇಳಿ. ನಾನು ರೇಷ್ಮೆಗೂಡಿನ ಮಾರ್ಕೆಟ್ಟಿಗೆ ಅಪ್ಪನ ಜೊತೆ ಮೊದಲ ಸಲ ಹೋದದ್ದು ಪಿಯುಸಿ ಮುಗಿದ ಮೇಲೆ. ಒಂದು ತಿಂಗಳ ನಿದ್ದೆಯನ್ನೆಲ್ಲ ಅಲ್ಲಿ ಸುರಿದು, ಯಾರೋ ಹರಾಜಿನಲ್ಲಿ ರೇಟು ಹೇಳುವುದನ್ನು ಕಾಯುತ್ತಾ, ಕೈಕಟ್ಟಿ ನಿಂತಿದ್ದರು. ಕೆಲವು ದಿನ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗಲೇ ಸಿಡಿಮಿಡಿ ಅನ್ನುತ್ತಿದ್ದರಲ್ಲ, ಅದು ಯಾಕೆ ಅಂತ ಆವತ್ತು ಗೊತ್ತಾಯಿತು.

ಈ ಹೊತ್ತಿಗೆ ಅಪ್ಪ ರೇಡಿಯೋ ಹಾಕಿಕೊಂಡು ಸೊಪ್ಪು ಹಾಕುತ್ತಿರುತ್ತಾರೆ. ಅಮ್ಮ ನನಗೆ ಹೇಳಿದ್ದು ಅವರಿಗೆ ಗೊತ್ತಿಲ್ಲ.

ಅಪ್ಪಾ, ಅವಳ ಮೇಲೆ ರೇಗಬೇಡ. ಹೇಳಿ ಐದು ವರ್ಷ ಆಯಿತು, ಬಾಯಿ ಬಿಡಲು ನನಗೇ ಧೈರ್ಯ ಬಂದಿರಲಿಲ್ಲ. ಶನಿವಾರ ಬರುತ್ತೇನೆ. ಅಷ್ಟೊತ್ತಿಗೆ ನಾಲ್ಕನೇ ಜ್ವರ ಎದ್ದಿರುತ್ತದೆ. ರಾತ್ರಿ ಮೇವು ನಾನು ಹಾಕುತ್ತೇನೆ, ನೀನು ಮಲಗು.