ಪಿನ್ ಕೂತಿತೆಂದ ಮಾತ್ರಕ್ಕೆ

ಮೇಜಿನ ಮೇಲೆ ಈಗ ನಿಮಗೆ ಕಾಣುತ್ತಿರುವುದು ನನ್ನ ಪುಟ್ಟ ರೇಡಿಯೋ. ಅದರ ಅಡಾಪ್ಟರ್ ಕೆಟ್ಟುಹೋಗಿದೆ. ಪಕ್ಕದ ರಟ್ಟಿನ ಡಬ್ಬಿಯಲ್ಲಿ ಹಳೆಯ ಅಡಾಪ್ಟರುಗಳು ರಾಶಿ ಬಿದ್ದಿವೆ, ಅವುಗಳಲ್ಲಿ ಮೂರರ ಪಿನ್ ರೇಡಿಯೋಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ನನಗೆ ಭಯವಾಗುವುದೇ ಅದನ್ನು ಕಂಡಾಗ. 5 ವೋಲ್ಟ್, 9 ವೋಲ್ಟ್, 12 ವೋಲ್ಟ್ ಎಲ್ಲಕ್ಕೂ ಇದೇ ದುಂಡನೆಯ ಪಿನ್ ಬಳಕೆಯಲ್ಲಿರುವುದರಿಂದ, ಅದು ಕೂತಿತೆಂಬುದು ಯಾವುದಕ್ಕೂ ಸಾಕ್ಷಿಯಲ್ಲ.

ಹೀಗಾಗಿ ಮೊದಲು ರೇಡಿಯೋವನ್ನೇ ತಿರುಗಿಸಿ ಅದರ ತಳವನ್ನು ಓದುತ್ತೇನೆ: 9 ವೋಲ್ಟ್, ಡಿಸಿ (ಒಂದೇ ದಿಕ್ಕಿಗೆ ಹರಿಯುವ ವಿದ್ಯುತ್), 500 ಮಿಲಿಆಂಪಿಯರ್. ಇದರಲ್ಲಿ ವೋಲ್ಟೇಜ್ ತಾಳೆಯಾಗಲೇಬೇಕು. ಆಂಪಿಯರ್ ಮಾತ್ರ ಬರೆದಿರುವಷ್ಟೋ ಅದಕ್ಕಿಂತ ಹೆಚ್ಚೋ ಇರಬಹುದು. 1 ಆಂಪಿಯರಿನ, ಅಂದರೆ 1000 ಮಿಲಿಆಂಪಿಯರಿನ, ಅಡಾಪ್ಟರ್ ಹಾಕಿದರೆ ಉಪಕರಣ ಸುಟ್ಟೀತೆಂದು ಹೆದರುವವರನ್ನು ನಾನು ಬಹಳ ಕಂಡಿದ್ದೇನೆ; ಆದರೆ ಅಡಾಪ್ಟರ್ ಕರೆಂಟನ್ನು ಒಳಗೆ ತಳ್ಳುವುದಿಲ್ಲ, ಉಪಕರಣವೇ ತನಗೆ ಬೇಕಾದಷ್ಟನ್ನು ಎಳೆದುಕೊಳ್ಳುತ್ತದೆ. ತೊಂದರೆಯಿರುವುದು ಕಡಿಮೆಯಾದಾಗ: 300 ಮಿಲಿಆಂಪಿಯರಿನದು ಶಕ್ತಿಮೀರಿ ದುಡಿದು ಬಿಸಿಯಾಗುತ್ತದೆ, ಅದರ ವೋಲ್ಟೇಜ್ ಕುಸಿಯುತ್ತದೆ.

ಇನ್ನು ರೇಡಿಯೋದ ತಳದಲ್ಲೇ ಇರುವ ಈ ಚಿಕ್ಕ ಚಿತ್ರವನ್ನು ಹತ್ತಿರದಿಂದ ನೋಡಿ. ನಡುವಿನ ಚುಕ್ಕೆಯಿಂದ ಹೊರಟ ಗೆರೆ ಕೂಡಿಸುವ ಚಿಹ್ನೆಗೆ ಸೇರಿದೆ, ಅಂದರೆ ಪಿನ್ನಿನ ಒಳಭಾಗ ಪಾಸಿಟಿವ್. ಗಿಟಾರಿನ ಧ್ವನಿ ಬದಲಿಸುವ ಪೆಡಲುಗಳಲ್ಲಿ ಸಾಮಾನ್ಯವಾಗಿ ಇದು ತಿರುವುಮುರುವು. ತಿರುವುಮುರುವಾದ ಅಡಾಪ್ಟರ್ ಜೋಡಿಸಿದಾಗ, ಒಳಗೆ ರಕ್ಷಣೆಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇದ್ದರೆ ಉಪಕರಣ ಉಳಿದೀತು, ಇಲ್ಲವಾದರೆ ಒಂದು ಕ್ಷಣದ ತಪ್ಪೇ ಸಾಕು. ಅಡಾಪ್ಟರಿನ ಮೇಲೆ ಔಟ್‌ಪುಟ್ ಎಂಬಲ್ಲಿ ನೇರ ಗೆರೆಯ ಕೆಳಗೆ ತುಂಡು ಗೆರೆಗಳಿದ್ದರೆ ಡಿಸಿ, ಅಲೆಯಿದ್ದರೆ ಎಸಿ, ಅಂದರೆ ದಿಕ್ಕು ಬದಲಿಸುತ್ತಲೇ ಇರುವ ವಿದ್ಯುತ್.

ಈ ಭಾರವಾದ ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದೇ ಇದೆ, ಆದರೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ 13 ತೋರಿಸುತ್ತಿದೆ. ಲೇಬಲ್ ಸುಳ್ಳು ಹೇಳುತ್ತಿಲ್ಲ. ಒಳಗೆ ಭಾರದ ಟ್ರಾನ್ಸ್‌ಫಾರ್ಮರ್ ಇದ್ದು, ವೋಲ್ಟೇಜನ್ನು ಹಿಡಿದಿಡುವ ವ್ಯವಸ್ಥೆಯಿಲ್ಲದ ಇಂಥವು ಪೂರ್ತಿ ಹೊರೆ ಬಿದ್ದಾಗಷ್ಟೇ 9ಕ್ಕೆ ಇಳಿಯುತ್ತವೆ. ಕಡಿಮೆ ಕರೆಂಟ್ ಎಳೆಯುವ ಸೂಕ್ಷ್ಮ ಉಪಕರಣಕ್ಕೆ ಆ ಹೆಚ್ಚುವರಿಯೆಲ್ಲ ತಟ್ಟುತ್ತದೆ. ಇದನ್ನು ಬದಿಗಿಡುತ್ತೇನೆ.

ಎರಡನೆಯದು ಹಗುರ, ಭಾರದ ಟ್ರಾನ್ಸ್‌ಫಾರ್ಮರಿನ ಬದಲು ಎಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ವೋಲ್ಟೇಜ್ ಇಳಿಸುವ ಸ್ವಿಚಿಂಗ್ ಬಗೆಯದು, ಹಗುರವೆಂಬುದೇ ದೋಷವಲ್ಲ. ಆದರೆ ಇದರ ಮೇಲೆ ತಯಾರಕರ ಹೆಸರಿಲ್ಲ, ವಿದ್ಯುತ್ತನ್ನು ತಡೆಯುವ ದುಪ್ಪಟ್ಟು ನಿರೋಧನವನ್ನು ಸೂಚಿಸುವ, ಒಂದರೊಳಗೊಂದು ಚೌಕದ ಗುರುತೂ ಇಲ್ಲ. ಗೋಡೆಯ ವಿದ್ಯುತ್ತಿಗೂ ನನ್ನ ಬೆರಳಿಗೂ ನಡುವೆ ಇರುವುದು ಒಳಗಿನ ಆ ನಿರೋಧನ ಮತ್ತು ಕೆಲವೇ ಮಿಲಿಮೀಟರ್ ಅಂತರ. ಕಾಣದ ಆ ಜಾಗದಲ್ಲಿ ಯಾರು ಜಿಪುಣತನ ತೋರಿದ್ದಾರೋ ತಿಳಿಯುವಂತಿಲ್ಲವಾದ್ದರಿಂದ ಇದೂ ಬೇಡ.

ಉಳಿದದ್ದು ಮೂರನೆಯದು: ಇನ್‌ಪುಟ್ 100ರಿಂದ 240 ವೋಲ್ಟ್, ಔಟ್‌ಪುಟ್ 9 ವೋಲ್ಟ್, 1 ಆಂಪಿಯರ್. ಮೀಟರಿನಲ್ಲಿ 9.1, ನಡುವೆ ಪಾಸಿಟಿವ್. ಪಿನ್ನನ್ನು ಸ್ವಲ್ಪ ಅಲುಗಾಡಿಸುತ್ತೇನೆ, ಏಕೆಂದರೆ ಹೊರ ಅಳತೆ 5.5 ಮಿಲಿಮೀಟರೇ ಆಗಿದ್ದರೂ ಒಳರಂಧ್ರ 2.1 ಅಥವಾ 2.5 ಇರಬಹುದು, ಸಡಿಲವಾದರೆ ಸಂಪರ್ಕ ತಪ್ಪಿ ಅಲ್ಲೇ ಬಿಸಿಯಾಗುತ್ತದೆ. ಇದು ಬಿಗಿಯಾಗಿದೆ.

ಅರ್ಧ ಗಂಟೆ ಹಾಡಿಸಿ ಮುಟ್ಟಿದೆ: ಬೆಚ್ಚಗಿದೆ, ಕೈ ಹಿಂದೆಗೆಯುವಷ್ಟು ಬಿಸಿಯಿಲ್ಲ, ವಾಸನೆಯೂ ಇಲ್ಲ. ಈಗ ಇದರ ಬೆನ್ನಿಗೆ ‘ರೇಡಿಯೋ’ ಎಂದು ಬರೆದ ಚೀಟಿ ಅಂಟಿಸುತ್ತಿದ್ದೇನೆ.