ಅಜ್ಜಿಯ ಹೆಬ್ಬೆಟ್ಟು, ಶಾಸಕರ ಪಿಂಚಣಿ

ಅಧ್ಯಕ್ಷರೇ, ಗೆಳೆಯರೇ, ಹಿಂದಿನ ಸಾಲಿನಲ್ಲಿ ಕೂತಿರುವ, ಇನ್ನೂ ನಿವೃತ್ತರಾಗದ ತಮ್ಮಂದಿರೇ, ತಂಗಿಯರೇ,

ಇವತ್ತು ಡಿಸೆಂಬರ್ 17, ಪಿಂಚಣಿದಾರರ ದಿನ. 1982ರಲ್ಲಿ ಇದೇ ದಿನ ಬಂದ ನಕಾರಾ ತೀರ್ಪು ನಿಮಗೆಲ್ಲ ಬಾಯಿಪಾಠ. ಪಿಂಚಣಿ ಧಣಿ ಕೊಡುವ ಇನಾಮಲ್ಲ, ದುಡಿದಿದ್ದಕ್ಕೆ ಸಲ್ಲಬೇಕಾದದ್ದು ಅಂತ ಸುಪ್ರೀಂ ಕೋರ್ಟ್ ಹೇಳಿತು. ಈ ಮಾತು ನಮ್ಮ ಶಾಸಕರು, ಸಂಸದರಿಗೂ ಹೊಂದುತ್ತದಾ? ಅದಷ್ಟೇ ಇವತ್ತಿನ ವಿಷಯ.

ಮೊದಲು ನಮ್ಮ ಬೀದಿಯ ಒಬ್ಬ ಅಜ್ಜಿಯ ಕತೆ. ಅಡಿಕೆ ಸುಲಿದೇ ಮಕ್ಕಳನ್ನು ಸಾಕಿದವರು. ವಯಸ್ಸಾದವರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾದ 1,200 ರೂಪಾಯಿ ಬರುತ್ತಿತ್ತು, ಒಂದು ತಿಂಗಳು ನಿಂತುಹೋಯಿತು. ನಾನೇ ಕರೆದುಕೊಂಡು ಹೋದೆ. ಹೆಬ್ಬೆಟ್ಟು ಒತ್ತಿದರೆ ಯಂತ್ರ ಒಪ್ಪಲಿಲ್ಲ. ಸುಲಿದೂ ಸುಲಿದೂ ಬೆರಳಿನ ಗೆರೆಗಳೇ ಸವೆದಿದ್ದವು. ಸೆರಗಿಗೆ ತಿಕ್ಕಿ ಒತ್ತಿದರು. ಒದ್ದೆ ಮಾಡಿ ಒತ್ತಿದರು. ಊಹೂಂ. "ನಾಳೆ ಬನ್ನಿ ಅಜ್ಜಿ" ಎಂದ ಗುಮಾಸ್ತ. "ನಾಳೆ ಇರ್ತೀನೋ ಇಲ್ವೋ, ಇವತ್ತು ಇದೀನಿ ಅಂತಾದ್ರೂ ಬರ್ಕೋ ಮಾರಾಯ" ಎಂದರು ಅಜ್ಜಿ.

ನಗಬೇಡಿ. ನವೆಂಬರ್ ಬಂದರೆ ನಾವೂ ಬದುಕಿದ್ದೇವೆ ಅಂತ ತೋರಿಸಲು ಸಾಲಿನಲ್ಲಿ ನಿಲ್ಲುವವರೇ ಅಲ್ವಾ?

ಈಗ ಸಂಸದರ ಲೆಕ್ಕ ನೋಡಿ. ಅವರಿಗೆ ಪಿಂಚಣಿ ಬಂದಿದ್ದು 1976ರಲ್ಲಿ, ತಿಂಗಳಿಗೆ 300 ರೂಪಾಯಿ. ಈಗ 31,000. ಐದು ವರ್ಷ ದಾಟಿದರೆ ಪ್ರತಿ ವರ್ಷಕ್ಕೆ ಇನ್ನೂ 2,500. ಹಿಂದೆ ಕನಿಷ್ಠ ಅವಧಿ ಅಂತ ಒಂದಿತ್ತು, 2004ರಲ್ಲಿ ಅದೂ ಹೋಯಿತು. ನಮಗೆ ಖಜಾನೆಯಲ್ಲಿ ಮೊದಲ ಪ್ರಶ್ನೆಯೇ "ಎಷ್ಟು ವರ್ಷ?". ಹತ್ತು ವರ್ಷ ತುಂಬದಿದ್ದರೆ ಪಿಂಚಣಿ ಇಲ್ಲ. ಹಿಂದಿನ ಸಾಲಿನವರಿಗೆ ಎರಡನೇ ಪ್ರಶ್ನೆ, "ಎಷ್ಟು ಕಂತು?". 2006ರ ಏಪ್ರಿಲ್ 1ರ ನಂತರ ಕೆಲಸಕ್ಕೆ ಸೇರಿದವರು ನೀವು. ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯುತ್ತಾರೆ, ಆಮೇಲೆ ಷೇರುಪೇಟೆ ಏನು ಕೊಟ್ಟರೆ ಅದು.

ಹಾಗಾದರೆ ರಾಜಕಾರಣಿಗಳಿಗೆ ಪಿಂಚಣಿಯೇ ಬೇಡವಾ? ಇಲ್ಲಿ ನಾನು ನಿಮ್ಮಲ್ಲಿ ಹಲವರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ನಮ್ಮ ಮಲೆನಾಡಿನವರೇ ಶಾಂತವೇರಿ ಗೋಪಾಲಗೌಡರು. ಕಾಗೋಡಿನ ಗೇಣಿದಾರರ ಜೊತೆ ನಿಂತವರು, ಮೂರು ಸಲ ಶಾಸಕರಾದವರು. 1972ರಲ್ಲಿ ತೀರಿಕೊಂಡಾಗ ಅವರಿಗೆ 49 ವರ್ಷ. ಆಸ್ತಿ ಮಾಡಲಿಲ್ಲ. ಅವರು ಎಂಬತ್ತರವರೆಗೆ ಬದುಕಿದ್ದರೆ ಯಾರು ನೋಡಬೇಕಿತ್ತು? ಪಿಂಚಣಿ ತೆಗೆದುಹಾಕಿದರೆ ತೋಟ, ಕ್ವಾರಿ, ಕಾಲೇಜು ಇರುವವರಿಗೆ ಏನೂ ಆಗುವುದಿಲ್ಲ. ಏಟು ಬೀಳುವುದು ಗೋಪಾಲಗೌಡರಂಥವರಿಗೆ. ಅಂಥವರು ಈಗೆಲ್ಲಿದ್ದಾರೆ ಅಂತ ಯಾರೋ ಗೊಣಗಿದಿರಿ, ಕೇಳಿಸಿತು. ಇದ್ದರೆ ಬರಲಿ ಅಂತಲಾದರೂ ಬಾಗಿಲು ತೆರೆದಿಡೋಣ.

ಕೊಡಿ. ಆದರೆ ಅದೇ ಎರಡು ಪ್ರಶ್ನೆ ಕೇಳಿ ಕೊಡಿ. ಎಷ್ಟು ವರ್ಷ? ಎಷ್ಟು ಕಂತು? ಶಾಸಕ, ಸಂಸದ ಎರಡೂ ಆಗಿದ್ದವರಿಗೆ ಎರಡೆರಡು ಪಿಂಚಣಿ ಏಕೆ? ನಾನು ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜವನ್ನೂ ಕಲಿಸಿದೆ, ನನಗೆ ಎರಡು ಬಂತಾ?

ಮತ್ತೆ, ತಮ್ಮ ಪಿಂಚಣಿಯನ್ನು ತಾವೇ ಏರಿಸಿಕೊಳ್ಳುವುದು. 2025ರ ಮಾರ್ಚ್ 21 ನೆನಪಿದೆಯಾ? ವಿಧಾನಸಭೆಯಲ್ಲಿ ಗದ್ದಲವೋ ಗದ್ದಲ. 18 ಶಾಸಕರು ಸಸ್ಪೆಂಡ್ ಆದ ದಿನ. ಆ ಗಲಾಟೆಯಲ್ಲೇ ಚರ್ಚೆಯಿಲ್ಲದೆ ಮಸೂದೆ ಪಾಸಾಯಿತು. ಮಾಜಿ ಶಾಸಕರ ಪಿಂಚಣಿ 50,000ದಿಂದ 75,000. ಅದೊಂದಕ್ಕೆ ಯಾರೂ ಯಾರ ಮೇಲೂ ಕಾಗದ ಹರಿದು ಎಸೆಯಲಿಲ್ಲ.

ಅಧ್ಯಕ್ಷರು ಚೀಟಿ ಕೊಟ್ಟಿದ್ದಾರೆ. "ಊಟ ರೆಡಿ" ಅಂತ ಬರೆದಿದೆ, ಇದಕ್ಕಿಂತ ದೊಡ್ಡ ಬೆದರಿಕೆ ಇಲ್ಲ. ಹೇಳಬೇಕಾದದ್ದು ಇನ್ನೂ ಜಾಸ್ತಿ ಇತ್ತು. ಪಂಜಾಬ್ 2022ರಲ್ಲೇ ಎಷ್ಟು ಸಲ ಗೆದ್ದರೂ ಒಂದೇ ಪಿಂಚಣಿ ಅಂತ ಮಾಡಿತು, ಆಗುತ್ತದೆ ಅನ್ನುವುದಕ್ಕೆ ಅಷ್ಟು ಸಾಕು. ಕೋರ್ಟಿನ ದಾರಿ ನಂಬಬೇಡಿ. 2018ರಲ್ಲಿ ಸುಪ್ರೀಂ ಕೋರ್ಟ್ ಸಂಸದರ ಪಿಂಚಣಿ ವಿರುದ್ಧದ ಅರ್ಜಿ ವಜಾ ಮಾಡಿದೆ. ಓಟು ಕೇಳಲು ಬಂದಾಗ ಆ ಎರಡು ಪ್ರಶ್ನೆ ನಾವೇ ಕೇಳಬೇಕು, ಜಗಲಿ ಮೇಲೆ ಕೂರಿಸಿ, ಕಾಫಿ ಕೊಟ್ಟು.

ಏನು? ಅಜ್ಜಿ ಕತೆ ಏನಾಯಿತು ಅಂತಲಾ? ನಾಲ್ಕನೇ ದಿನ ಹೆಬ್ಬೆಟ್ಟು ಬಿಟ್ಟು ಕಿರುಬೆರಳು ಒತ್ತಿಸಿದೆವು. ತಗೊಂಡಿತು. ನಡೀರಿ, ಸಾರು ಆರುತ್ತದೆ.