46 ವರ್ಣತಂತು, ಒಂದೇ ಕೋಶಕೇಂದ್ರ: ಇದು ಹೇಗೆ?

ನಮಸ್ಕಾರ. ನೋಡುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದರು. ಜೀವಕೋಶ ಒಡೆದು ಎರಡಾದ ಮೇಲೆ 46 ವರ್ಣತಂತುಗಳಿಗೂ ಸೇರಿ ಒಂದೇ ಕೋಶಕೇಂದ್ರ ಯಾಕೆ? 46 ಪುಟಾಣಿ ಕೋಶಕೇಂದ್ರಗಳು ಯಾಕೆ ಆಗಲ್ಲ? ಓದಿದಾಗಿನಿಂದ ಇದೇ ತಲೆಯಲ್ಲಿ ಕೂತಿದೆ.

ಗೊತ್ತಿರುವುದನ್ನು ಬೇಗ ಮುಗಿಸೋಣ. ವರ್ಣತಂತು ಅಂದರೆ ಡಿಎನ್‌ಎ ಸುತ್ತಿಟ್ಟ ಒಂದೊಂದು ಕಟ್ಟು, ಕ್ರೋಮೋಸೋಮ್. ಅವನ್ನೆಲ್ಲ ಒಳಗಿಟ್ಟುಕೊಂಡ ಗೂಡೇ ಕೋಶಕೇಂದ್ರ, ನ್ಯೂಕ್ಲಿಯಸ್. ನಮ್ಮ ಡಿಎನ್‌ಎ ಸುತ್ತ ಎರಡು ಪದರದ ಪೊರೆ ಇದೆ. ಅದರ ಒಳಮೈಗೆ ಲ್ಯಾಮಿನ್ ಪ್ರೋಟೀನ್‌ಗಳ ಬಲೆ. ಕೋಶ ಒಡೆಯುವಾಗ ಬಲೆ ಬಿಚ್ಚಿಕೊಳ್ಳುತ್ತದೆ, ಪೊರೆ ಚದುರುತ್ತದೆ, ವರ್ಣತಂತುಗಳು ಎರಡು ಪಾಲಾಗಿ ಎರಡು ಕಡೆಗೆ ಹೋಗುತ್ತವೆ. ಆಮೇಲೆ ಕೆಲವೇ ನಿಮಿಷಗಳಲ್ಲಿ ಎರಡೂ ಕಡೆ ಪೊರೆ ಮತ್ತೆ ಕಟ್ಟಿಕೊಳ್ಳಬೇಕು.

ತೊಡಕು ಇರುವುದೇ ಇಲ್ಲಿ. ಆ ಪೊರೆ ಡಿಎನ್‌ಎ ಸಿಕ್ಕ ಕಡೆಯೆಲ್ಲ ಅಂಟಿಕೊಳ್ಳುತ್ತದೆ. ವರ್ಣತಂತುಗಳ ನಡುವೆ ಸಂದು ಇದ್ದರೆ ಅಲ್ಲೂ ನುಗ್ಗುತ್ತದೆ.

(ಪರದೆ ಮೇಲೆ: ಬಯಲು, ಗುಂಪು, ಟಾರ್ಪಾಲು)

ಹೀಗೆ ಯೋಚಿಸಿ. ಬಯಲಲ್ಲಿ 46 ಜನ ನಿಂತಿದ್ದಾರೆ. ಮೇಲಿಂದ ದೊಡ್ಡ ಟಾರ್ಪಾಲು ಬೀಳುತ್ತಿದೆ. ದೂರ ದೂರ ನಿಂತರೆ ಅದು ಸಂದುಗಳಲ್ಲಿ ಇಳಿದು ಒಬ್ಬೊಬ್ಬರನ್ನೂ ಬೇರೆ ಬೇರೆ ಸುತ್ತಿಕೊಳ್ಳುತ್ತದೆ. ಮೊದಲೇ ಕೈಕೈ ಹಿಡಿದು ಒತ್ತೊತ್ತಾಗಿ ನಿಂತುಬಿಟ್ಟರೆ? ಒಳಗೆ ನುಸುಳಲು ಜಾಗವೇ ಇಲ್ಲ. ಎಲ್ಲರಿಗೂ ಒಂದೇ ಹೊದಿಕೆ.

ಇಲ್ಲಿ ಕೈಕೈ ಜೋಡಿಸುವ ಪ್ರೋಟೀನ್‌ನ ಹೆಸರು ಬಿಎಎಫ್. ಬರೀ 89 ಅಮೈನೋ ಆಮ್ಲಗಳಷ್ಟು ಉದ್ದ. ಪ್ರೋಟೀನ್‌ಗಳ ಲೆಕ್ಕದಲ್ಲಿ ತೀರಾ ಚಿಕ್ಕದು. ಇದು ಜೋಡಿಯಾಗಿ ಕೆಲಸ ಮಾಡುತ್ತದೆ. ಜೋಡಿಯಲ್ಲಿ ಒಂದು ಈ ಕಡೆಯ ಡಿಎನ್‌ಎ ಹಿಡಿದರೆ, ಇನ್ನೊಂದು ಆ ಕಡೆಯದನ್ನು ಹಿಡಿಯುತ್ತದೆ. ಹೀಗೆ ವರ್ಣತಂತುಗಳ ಗುಂಪಿನ ಹೊರಮೈಯೆಲ್ಲ ಹೆಣೆದುಕೊಂಡು ಗಟ್ಟಿಯಾಗುತ್ತದೆ.

2017ರಲ್ಲಿ ವಿಯೆನ್ನಾದ ಸಂಶೋಧಕರು ಮನುಷ್ಯರ ಕೋಶಗಳಲ್ಲಿ ಬಿಎಎಫ್ ಇಲ್ಲದ ಹಾಗೆ ಮಾಡಿ ನೋಡಿದರು. ಒಂದು ದುಂಡನೆಯ ಕೋಶಕೇಂದ್ರ ಇರಬೇಕಾದ ಕಡೆ ದೊಡ್ಡದು, ಚಿಕ್ಕದು ಅಂತ ಹಲವು ಚೂರುಗಳು! ನನಗೆ ಅದಕ್ಕಿಂತ ಜಾಸ್ತಿ ಇಷ್ಟವಾಗಿದ್ದು ಮುಂದಿನ ಹೆಜ್ಜೆ. ಪೊರೆಯ ಪ್ರೋಟೀನ್‌ಗಳನ್ನು ಹಿಡಿಯಲಾರದ ಬಿಎಎಫ್ ಕೊಟ್ಟರು. ಕೋಶಕೇಂದ್ರ ಒಂದೇ ಆಯಿತು. ಜೋಡಿಯಾಗಲಾರದ ಬಿಎಎಫ್ ಕೊಟ್ಟರು. ಮತ್ತೆ ಚೂರು ಚೂರು. ಅಂದರೆ ಬೇಕಾಗಿದ್ದು ಪೊರೆಯ ಜೊತೆಗಿನ ನಂಟಲ್ಲ, ಡಿಎನ್‌ಎಗೆ ಡಿಎನ್‌ಎಯನ್ನು ಕಟ್ಟುವ ಆ ಹಿಡಿತ. ಎಷ್ಟು ಚೆಂದದ ಪ್ರಯೋಗ, ಅಲ್ವಾ?

ಟೈಮ್ ಕಮ್ಮಿ ಇದೆ, ಉಳಿದದ್ದು ಬೇಗ. ಹೊದಿಕೆಯಲ್ಲಿ ತೂತುಗಳೂ ಉಳಿದಿರುತ್ತವೆ. ವರ್ಣತಂತುಗಳನ್ನು ಎರಡು ಕಡೆಗೆ ಎಳೆದೊಯ್ದ ನಾರುಗಳು ಇನ್ನೂ ಅಲ್ಲೇ ಸಿಕ್ಕಿಕೊಂಡಿರುತ್ತವೆ. ಆ ನಾರುಗಳನ್ನು ಸ್ಪಾಸ್ಟಿನ್ ಅನ್ನುವ ಪ್ರೋಟೀನ್ ಕತ್ತರಿಸುತ್ತದೆ, ತೂತನ್ನು ಎಸ್ಕಾರ್ಟ್ ಅನ್ನುವ ಪ್ರೋಟೀನ್ ಪಡೆ ಮುಚ್ಚುತ್ತದೆ.

ಈ ಕೆಲಸ ಕೆಟ್ಟರೆ ಕೋಶ ಉಳಿಯುತ್ತದಾ? ದಾರಿ ತಪ್ಪಿದ ವರ್ಣತಂತು ಚಿಕ್ಕ ಕೋಶಕೇಂದ್ರವಾದರೆ ಅದರ ಪೊರೆ ಬಹಳ ಸಲ ದುರ್ಬಲ. ಹರಿದರೆ ಒಳಗಿನ ಡಿಎನ್‌ಎ ನುಚ್ಚುನೂರು. ಹೊರಗೆ ಚೆಲ್ಲಿದ ಡಿಎನ್‌ಎ ನೋಡಿ ಕೋಶ ವೈರಸ್ ಬಂತು ಅಂತ ಎಚ್ಚರಿಕೆ ಗಂಟೆ ಬಾರಿಸಬಹುದು. ಕೆಲವು ಕೋಶಗಳು ಬೆಳವಣಿಗೆ ನಿಲ್ಲಿಸುತ್ತವೆ, ಕೆಲವು ಸಾಯುತ್ತವೆ. ನನಗೆ ನಿಜವಾಗಿ ಭಯ ಹುಟ್ಟಿಸುವುದು ಬದುಕಿ ಉಳಿಯುವವು. ಒಡೆದ ಚೂರುಗಳನ್ನು ತಪ್ಪಾಗಿ ಜೋಡಿಸಿಕೊಂಡು ಅವು ಕ್ಯಾನ್ಸರ್ ಕಡೆಗೆ ವಾಲಬಹುದು.

ಇನ್ನೊಂದು ವಿಷಯ ಹೇಳದೆ ಮುಗಿಸಲಾರೆ. ಚಿಕ್ಕ ವಯಸ್ಸಿನಲ್ಲೇ ಮುಪ್ಪು ತರುವ ಒಂದು ಅಪರೂಪದ ಕಾಯಿಲೆ ಇದೆ. ಸುಮಾರು ಎರಡು ವರ್ಷದವರೆಗೆ ಮಗು ಸರಿಯಾಗೇ ಬೆಳೆಯುತ್ತದೆ, ಆಮೇಲೆ ಬೆಳವಣಿಗೆ ಕುಂಠಿತವಾಗುತ್ತದೆ. ಕಾರಣ 2011ರಲ್ಲಿ ಸಿಕ್ಕಿತು. ಬಿಎಎಫ್‌ನ 89 ಅಮೈನೋ ಆಮ್ಲಗಳಲ್ಲಿ 12ನೆಯದು, ಅದೊಂದೇ ಬದಲಾಗಿತ್ತು.